ಹೋದವರ್ಷದ್ದು ಹಿಡಿಯುವ ಮೈಕು

ಕೋಣೆಯನ್ನೆಲ್ಲ ಕೇಳುವ ಅಗಲ ಮೈಕು ಎಂಟು ಸಾವಿರದ ಇನ್ನೂರು. ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಇಂಟರ್‌ಫೇಸ್ ಡಬ್ಬಿ ಆರೂವರೆ ಸಾವಿರ. ಸ್ಟ್ಯಾಂಡು ಎಂಟುನೂರ ಐವತ್ತು, ವೈರು ಮುನ್ನೂರ ಐವತ್ತು, ಹೆಡ್‌ಫೋನು ಎರಡು ಸಾವಿರದ ನೂರು. ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಒಂದೇ ಸಲ ಕಟ್ಟಿಬಿಡುವ ನಾಲ್ಕು ಸಾವಿರ. ಗೋಡೆಗೆ ಇಳಿಬಿಡಲು ಕೌದಿ ನಾಲ್ಕು, ಮನೆಯವೇ. ಕಂಪ್ಯೂಟರು ಗಿರಾಕಿಯ ಮಗಳು ಓದುವಾಗ ಕೊಂಡ ಹಳೇ ಲ್ಯಾಪ್‌ಟಾಪು, ಅದಕ್ಕೂ ಖರ್ಚಿಲ್ಲ. ಒಟ್ಟು ಇಪ್ಪತ್ತೆರಡು ಸಾವಿರ. ಹೊಸ ಕಂಪ್ಯೂಟರ್ ಸೇರಿಸಿದ್ದರೆ ಇನ್ನೂ ಮೂವತ್ತೆಂಟು ಸಾವಿರ ಆಗುತ್ತಿತ್ತು. ಅದು ಬೇಡ ಅಂದವಳು ನಾನೇ. ಹೊನ್ನಮ್ಮನವರಿಗೆ ಬರೆದುಕೊಟ್ಟ ಆ ಚೀಟಿಯ ನಕಲು ಇವತ್ತಿಗೂ ನನ್ನ ಗಲ್ಲಾಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಕೊಂಡಿದೆ.

ನನ್ನ ಹೆಸರು ಪುಟ್ಟತಾಯಿ. ಊರಿನವರಿಗೆ ಮೈಕ್ ಪುಟ್ಟತಾಯಿ. ನಮ್ಮಪ್ಪನದು ಮದುವೆ ಮುಂಜಿಗೆ ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿ. ಅಪ್ಪನ ಕಾಲಾನಂತರ ಅದು ನನ್ನ ಕೈಗೆ ಬಂತು. ಈಗ ಬಾಡಿಗೆ ಕಡಿಮೆ. ಮನೆಯಲ್ಲೇ ಕೂತು ಹಾಡಿ ರೆಕಾರ್ಡ್ ಮಾಡಿಕೊಳ್ಳುವವರು ಹೆಚ್ಚು. ಅವರಿಗೆ ಯಾವ ಸಾಮಾನು ಬೇಕು, ಯಾವುದು ಬೇಡ ಅಂತ ಹೇಳುವುದು, ತರಿಸಿ ಜೋಡಿಸಿ ಕೊಡುವುದು ನನ್ನ ಕೆಲಸ. ಹತ್ತನೇ ಕ್ಲಾಸು ದಾಟಿದವಳಲ್ಲ. ಎಷ್ಟೋ ಡಬ್ಬಿ ಬಿಚ್ಚಿ, ಕೆಡಿಸಿ, ಬೈಸಿಕೊಂಡು ಕಲಿತದ್ದು.

ಬೇರೆ ಊರಿನಲ್ಲಿ ಈ ವ್ಯಾಪಾರ ಸುಲಭ. ನಮ್ಮೂರಿನಲ್ಲಿ ಮನೆಯೊಳಗೆ ಆಡಿದ ಮಾತು, ಹಾಡಿದ ಹಾಡು, ಬಿದ್ದ ಚೊಂಬಿನ ಸದ್ದು ಎಲ್ಲವೂ ಸರಿಯಾಗಿ ಒಂದು ವರ್ಷ ಬಿಟ್ಟು ಅದೇ ಕೋಣೆಯಲ್ಲಿ ಅದೇ ಹೊತ್ತಿಗೆ ಇನ್ನೊಂದು ಸಲ ಕೇಳಿಸುತ್ತದೆ. ಕಂಬಳಿ ಮುಸುಕಿನಾಚೆಯಿಂದ ಬಂದ ಹಾಗೆ, ಮೆತ್ತಗೆ. ಒಂದೇ ಸಲ. ಬಂದು ಹೋದದ್ದು ಮತ್ತೆ ಬರುವುದಿಲ್ಲ. ನಾವು ಅದಕ್ಕೆ ಹೋದವರ್ಷದ್ದು ಅನ್ನುತ್ತೇವೆ, ಅಷ್ಟೇ. ಬಯಲಲ್ಲಿ ಆಡಿದ್ದು ಬಯಲಿಗೇ ಹೋಗುತ್ತದೆ, ಆ ತಾಪತ್ರಯವಿಲ್ಲ. ಅದಕ್ಕೇ ಗಂಡಹೆಂಡತಿ ಇಬ್ಬರೇ ಕೆರೆ ಏರಿಯ ಮೇಲೆ ನಿಂತು ಕೈ ಆಡಿಸುತ್ತಿದ್ದರೆ ನಮ್ಮಲ್ಲಿ ಯಾರೂ ಹತ್ತಿರ ಸುಳಿಯುವುದಿಲ್ಲ. ಬಾಡಿಗೆ ಮನೆ ನೋಡಲು ಹೋದವರು ನೀರಿನ ವಿಷಯ ಕೇಳುವ ಮೊದಲು ಹೋದ ವರ್ಷ ಇಲ್ಲಿ ಯಾರಿದ್ದರು ಅಂತ ಕೇಳುತ್ತಾರೆ. ನೆಂಟರು ಕೂತಿರುವಾಗ ಕೇಳಬಾರದ್ದೇನಾದರೂ ಬರುವ ಹೊತ್ತಾಯಿತೆಂದರೆ ಮನೆಯವರು ಅಡುಗೆಮನೆಯಲ್ಲಿ ಒಂದು ತಟ್ಟೆ ಬೀಳಿಸುತ್ತಾರೆ. ನೆಂಟರು ಛಾವಣಿ ನೋಡುತ್ತಾರೆ. ಅದು ನಮ್ಮೂರಿನ ಮರ್ಯಾದೆ.

ಹಾಗಾಗಿ ರೆಕಾರ್ಡಿಂಗ್‌ಗೆ ಬಂದವರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ವರ್ಷ ಕಾಯುತ್ತೀರೋ, ದುಡ್ಡು ಹೆಚ್ಚು ಹಾಕುತ್ತೀರೋ? ಕಾಯುವವರು ಒಂದು ಕೋಣೆಗೆ ಬೀಗ ಹಾಕಿ ವರ್ಷವಿಡೀ ಸುಮ್ಮನೆ ಬಿಡುತ್ತಾರೆ. ಮರುವರ್ಷ ಆ ಕೋಣೆ ತೊಳೆದ ತಟ್ಟೆಯ ಹಾಗಿರುತ್ತದೆ, ಎಂಥ ಮೈಕಾದರೂ ನಡೆಯುತ್ತದೆ. ಕಾಯಲಾರದವರಿಗೆ ಬಾಯಿ ಮುಂದಿನದನ್ನು ಮಾತ್ರ ಕೇಳುವ ಗಿಡ್ಡ ಮೈಕು, ಜೊತೆಗೆ ಸೋಸುವ ಪ್ರೋಗ್ರಾಂ. ಹೋದವರ್ಷದ ದನಿಗೆ ಮೇಲಿನ ಹೊಳಪು ಇರುವುದಿಲ್ಲ. ಆ ಪ್ರೋಗ್ರಾಂ ಅದನ್ನು ಗುರುತು ಹಿಡಿದು ಅಕ್ಕಿಯಿಂದ ಕಲ್ಲು ತೆಗೆದ ಹಾಗೆ ತೆಗೆದುಬಿಡುತ್ತದೆ. ಇಪ್ಪತ್ತು ವರ್ಷದಲ್ಲಿ ನಾನು ಕಲಿತ ವಿದ್ಯೆಯೆಲ್ಲ ಹೋದವರ್ಷದ್ದನ್ನು ಹೊರಗಿಡುವ ವಿದ್ಯೆ. ಅದನ್ನು ಒಳಗೆ ಬಿಡು ಅಂತ ಕೇಳಿಕೊಂಡು ಬಂದವರು ಹೊನ್ನಮ್ಮನವರೊಬ್ಬರೇ.

ಅವರ ಯಜಮಾನರು ರಾಚಪ್ಪ ಮಾಸ್ತರರು. ಹಗಲು ತೂಕದ ಕಟ್ಟೆಯಲ್ಲಿ ಗುಮಾಸ್ತೆ, ಬೆಳಿಗ್ಗೆ ಮಾತ್ರ ಹಾರ್ಮೋನಿಯಂ. ದಿನಾ ಆರು ಗಂಟೆಗೆ ನಡುಮನೆಯಲ್ಲಿ ಚಾಪೆ ಹಾಸಿ ಅವರು ನುಡಿಸುವುದು, ಹೊನ್ನಮ್ಮ ಹಾಡುವುದು. ಮೂವತ್ತೆಂಟು ವರ್ಷ ಹೀಗೇ ನಡೆದಿತ್ತು. ಒಂದು ದಿನ ಹಾಡು ಮುಗಿಸಿ ಎದ್ದವರು ಎದೆ ಹಿಡಿದುಕೊಂಡು ಕೂತರು. ಪಕ್ಕದ ಊರಿನ ಆಸ್ಪತ್ರೆಗೆ ಸೇರಿಸಿದರು. ನಾಲ್ಕನೇ ದಿನ ಅಲ್ಲೇ ತೀರಿಕೊಂಡರು. ಮನೆಗೆ ತಿರುಗಿ ಬಂದು ಮಾತಾಡಲಿಲ್ಲ.

ಅಲ್ಲಿಂದಾಚೆ ಹೊನ್ನಮ್ಮ ನಡುಮನೆಯಲ್ಲಿ ಒಬ್ಬರೇ ಕೂರುತ್ತಿದ್ದರು, ಆದರೆ ಹಾಡು ನಿಲ್ಲಲಿಲ್ಲ. ಹೋದವರ್ಷದ ಹಾರ್ಮೋನಿಯಂ ಗೋಡೆಯೊಳಗಿಂದ ಬರುತ್ತಿತ್ತು. ಅದರ ಜೊತೆ ತಮ್ಮದೇ ಹಳೇ ದನಿಯೂ ಬರುತ್ತಿತ್ತು. ಅದನ್ನು ಬದಿಗಿಟ್ಟು ಇವರು ಆ ಹಾರ್ಮೋನಿಯಂ ಸ್ವರ ಹಿಡಿದು ಹಾಡುತ್ತಿದ್ದರು. ಇಂಥ ಮನೆಯ ಮುಂದೆ ನಮ್ಮವರು ಗದ್ದಲ ಮಾಡುವುದಿಲ್ಲ. ಹಾಲಿನವನು ಬೀದಿಯ ತುದಿಯಲ್ಲೇ ಬೈಕು ಆರಿಸಿ ತಳ್ಳಿಕೊಂಡು ಬರುತ್ತಿದ್ದ.

ಅವರು ನನ್ನ ಅಂಗಡಿಗೆ ಬಂದಾಗ ಮಾಸ್ತರರ ಕೊನೆಯ ಹಾಡಿಗೆ ವರ್ಷ ತುಂಬಲು ಇನ್ನು ಇಪ್ಪತ್ತಮೂರು ದಿನ ಉಳಿದಿತ್ತು.

"ಪುಟ್ಟತಾಯಿ, ಅವರು ಕೊನೇ ದಿನ ನುಡಿಸಿದ್ದು ನಂಗೆ ಬೇಕು. ಅವರು ನುಡಿಸ್ತಿರಬೇಕು, ನಾನು ಹಾಡ್ತಿರಬೇಕು. ಹಿಡಿದುಕೊಡ್ತೀಯಾ?"

"ಮೊಬೈಲಲ್ಲಿ ಹಿಡಿದು ನೋಡಿದ್ರಾ ಅಮ್ಮ?"

"ನೋಡ್ದೆ. ಗೋಡೆ ಗಡಿಯಾರ ಬಂತು, ನನ್ನ ಕೆಮ್ಮು ಬಂತು. ಅವರು ಬರ್ಲಿಲ್ಲ."

"ಮೊಬೈಲಿಗೆ ಹತ್ತಿರದ್ದೇ ಕಿವಿ. ಅದಕ್ಕೆ ಹೋದವರ್ಷದ್ದು ಸಿಗಲ್ಲ. ಅಗಲ ಮೈಕು ತರಿಸಬೇಕು. ಇಲ್ಲಿ ಯಾರೂ ಕೇಳಲ್ಲ ಅಂತ ನಾನು ಇಟ್ಟಿಲ್ಲ."

"ತರಿಸು. ಹೊಸ ಕಂಪ್ಯೂಟರೂ ತರಿಸು. ಅವರ ಪಿಂಚಣಿ ಬಂದಿದೆ, ಇನ್ಯಾತಕ್ಕೆ ಇಟ್ಕೊಳ್ಳಲಿ?"

ಆಗ ನಾನು ದೊಡ್ಡ ಬುದ್ಧಿವಂತೆಯ ಹಾಗೆ ನಕ್ಕೆ. "ಸುಮ್ನೆ ಯಾಕಮ್ಮ? ಮಗಳ ಲ್ಯಾಪ್‌ಟಾಪ್ ಇದೆಯಲ್ಲ. ಒಂದು ಹಾಡಿಗೆ ಅದು ಧಾರಾಳವಾಯ್ತು. ಮೂವತ್ತೆಂಟು ಸಾವಿರ ಉಳೀತು ಅಂತ ಇಟ್ಕೊಳ್ಳಿ."

ಅವರು ನನ್ನ ಮುಖ ನೋಡಿದರು. "ನಿನಗೆ ಗೊತ್ತು" ಅಂದರು.

ಗಿರಾಕಿಯ ದುಡ್ಡು ಉಳಿಸಿಕೊಡುವುದು ನನಗೊಂದು ಹೆಮ್ಮೆ. ಕಾಸಿಗೆ ಆಸೆಪಟ್ಟು ದೊಡ್ಡ ಸಾಮಾನು ತಲೆಗೆ ಕಟ್ಟುವವಳಲ್ಲ ಅಂತ ಊರಲ್ಲಿ ಹೆಸರಿದೆ. ಆ ಹೆಸರು ಉಳಿಸಿಕೊಳ್ಳುವ ಆಸೆಯೂ ಒಂದು ಆಸೆಯೇ ಅಂತ ನನಗೆ ಹೊಳೆದಿರಲಿಲ್ಲ.

ಹಳೇ ಲ್ಯಾಪ್‌ಟಾಪಿನ ತೊಂದರೆ ಇಷ್ಟು. ಶಕ್ತಿಯ ಕಂಪ್ಯೂಟರಾದರೆ ಬಂದ ದನಿಯನ್ನೆಲ್ಲ ಹಾಗೇ ಬರೆದಿಟ್ಟುಕೊಂಡು, ಸೋಸುವ ಕೆಲಸ ಆಮೇಲೆ ಮಾಡುತ್ತದೆ. ಸೋಸಿದ್ದು ಸರಿಬರಲಿಲ್ಲವೆಂದರೆ ಮೂಲ ಅಲ್ಲೇ ಇರುತ್ತದೆ. ಬಡ ಲ್ಯಾಪ್‌ಟಾಪಿಗೆ ಎರಡು ಹೊರೆ ಆಗುವುದಿಲ್ಲ. ಅಂಥವಕ್ಕೆ ನಾನು ದನಿ ಒಳಬರುವ ಬಾಗಿಲಲ್ಲೇ ಸೋಸುವ ಹಾಗೆ ಮಾಡಿಡುತ್ತೇನೆ. ಸೋಸಿಹೋದದ್ದು ಒಳಗೆ ಬರುವುದೇ ಇಲ್ಲ, ಹೋಯಿತೆಂದರೆ ಹೋಯಿತು. ಹೊಸ ಫೈಲು ತೆರೆದಾಗೆಲ್ಲ ಈ ಏರ್ಪಾಡು ತಾನಾಗಿ ಬರುವಂತೆ ವರ್ಷಗಳ ಹಿಂದೆಯೇ ಕೂರಿಸಿದ್ದೆ. ಯಾವ ಮನೆಗೆ ಸಾಫ್ಟ್‌ವೇರ್ ಹಾಕಿದರೂ ಮೊದಲು ಅದನ್ನೇ ಹಾಕುವುದು. ಅದಕ್ಕೆ ನಾನಿಟ್ಟ ಹೆಸರು "ನಮ್ಮೂರು". ಹೊನ್ನಮ್ಮನವರ ಲ್ಯಾಪ್‌ಟಾಪಿಗೂ ಹಾಕಿದ್ದೆ. ಇಪ್ಪತ್ತು ವರ್ಷದ ಕೈ, ತಾನೇ ಹಾಕಿತು.

ಮೈಕು ಬರುವ ಹೊತ್ತಿಗೆ ಎರಡೇ ದಿನ ಉಳಿದಿತ್ತು. ಆ ದಿನವೆಲ್ಲ ನಡುಮನೆಗೆ ಕೌದಿ ಇಳಿಬಿಟ್ಟೆವು. ಮೈಕನ್ನು ಎಲ್ಲಿಡುವುದು ಅಂತ ಚಾಪೆಯ ಸುತ್ತ ಹತ್ತು ಜಾಗ ನೋಡಿದೆ. ಕೊನೆಗೆ ಹೊನ್ನಮ್ಮನವರೇ ಗೋಡೆ ಪಕ್ಕದ ಕಂಬದತ್ತ ಕೈ ತೋರಿಸಿ, "ಅವರು ಯಾವಾಗ್ಲೂ ಆ ಕಂಬಕ್ಕೆ ಒರಗಿ ಕೂರೋರು. ಅಲ್ಲಿಂದ ಮೊಳ ದೂರ ಇಡು" ಅಂದರು.

ಮರುದಿನ ಬೆಳಿಗ್ಗೆ ಪರೀಕ್ಷೆ ಮಾಡಿದೆವು. ಲ್ಯಾಪ್‌ಟಾಪಿನಲ್ಲಿ ಫೈಲು ತೆರೆದು, ಸೋಸುವುದನ್ನು ಜ್ಞಾಪಕವಾಗಿ ತೆಗೆದುಹಾಕಿ, ಹೆಡ್‌ಫೋನು ಕಿವಿಗೆ ಏರಿಸಿಕೊಂಡು ಕೂತೆ. ಆರು ಗಂಟೆಗೆ ಮಾಸ್ತರರು ಬಂದರು. ಅವತ್ತು ಹಾಡು ಇರಲಿಲ್ಲ. ಹೋದ ವರ್ಷದ ಆ ದಿನ ಅವರು ಹಾರ್ಮೋನಿಯಂ ಬಿಚ್ಚಿಕೊಂಡು ಕೂತಿದ್ದರಂತೆ. ಮರದ ಮುಚ್ಚಳ ತೆಗೆದ ಸದ್ದು, ತಿದಿ ಉಸ್ಸೆಂದದ್ದು, ಎರಡು ಕೆಮ್ಮು. ಆಮೇಲೆ ಅವರ ದನಿ: "ಎಡಗಡೆ ಮೂಲೇಲಿ ಗಾಳಿ ಸೋರ್ತಿದೆ ಕಣೇ ಹೊನ್ನಿ. ಮಡಿಕೆ ಹತ್ರ. ನಾಳೆ ಒಂದಿಷ್ಟು ಅಂಟು ಹಚ್ಚಬೇಕು."

ಎಲ್ಲ ಬಂದಿತ್ತು. ತಿರುಗಿ ಹಾಕಿ ಹೊನ್ನಮ್ಮನವರ ಕಿವಿಗೆ ಹೆಡ್‌ಫೋನು ಕೊಟ್ಟೆ. ಅವರು ಎರಡು ಕೈಯಲ್ಲೂ ಅದನ್ನು ಒತ್ತಿಹಿಡಿದು ಕೇಳಿದರು.

"ಅಂಟು ಹಚ್ಚಿದ್ರಾ ಅಮ್ಮ ಆಮೇಲೆ?" ಅಂದೆ.

"ಎಲ್ಲಿ? ಮಾರನೇ ದಿನ ಹಾಡಾದ ಮೇಲೆ ಅಂದ್ರು. ಹಾಡಾದ ಮೇಲೆ ಎದೆ ಹಿಡ್ಕೊಂಡ್ರು." ಹೆಡ್‌ಫೋನು ಕಿವಿಯಿಂದ ತೆಗೆದು, "ಅದು ಈಗ್ಲೂ ಸೋರ್ತಾನೇ ಇರತ್ತೆ, ಪೆಟ್ಟಿಗೇಲಿ" ಅಂದರು.

ಕೊನೆಯ ದಿನ ಬೀದಿಯೆಲ್ಲ ಸ್ತಬ್ಧವಾಗಿತ್ತು. ಯಾರಿಗೂ ಹೇಳಿ ಕಳಿಸಬೇಕಾಗಿರಲಿಲ್ಲ. ನೀರಿನ ಮೋಟಾರು ಯಾರೂ ಹಾಕಲಿಲ್ಲ, ಎದುರು ಮನೆಯವರು ನಾಯಿಯನ್ನು ಹಿತ್ತಲಿಗೆ ಕಟ್ಟಿದ್ದರು. ನಾನು ಐದೂವರೆಗೇ ಹೋದೆ. ಲ್ಯಾಪ್‌ಟಾಪು ಹಿಂದಿನ ದಿನದ ಫೈಲು ತೆರೆದುಕೊಂಡು ಏದುಸಿರು ಬಿಡುತ್ತಿತ್ತು. ನಡುವೆ ಸಿಕ್ಕಿಹಾಕಿಕೊಂಡರೆ ಕೆಲಸ ಕೆಟ್ಟೀತು, ಹಗುರವಾಗಿರಲಿ ಅಂತ ಅದನ್ನು ಮುಚ್ಚಿ ಹೊಸ ಫೈಲು ತೆರೆದೆ. ಹೊಸ ಫೈಲಿನ ಜೊತೆ "ನಮ್ಮೂರು" ತಾನಾಗಿ ಬಂದು ಬಾಗಿಲಲ್ಲಿ ಕೂತಿತು. ನಾನು ನೋಡಲಿಲ್ಲ. ಹಿಂದಿನ ದಿನ ತೆಗೆದಿದ್ದೆನಲ್ಲ, ತೆಗೆದದ್ದು ತೆಗೆದ ಹಾಗೆಯೇ ಅಂತ ನನ್ನ ಮನಸ್ಸು.

ಇನ್ನೊಂದು ತಪ್ಪೂ ಇದೆ. ಅದನ್ನು ಊರಲ್ಲಿ ಯಾರಿಗೂ ಹೇಳಿಲ್ಲ. ಹೆಡ್‌ಫೋನು ಹಾಕಿಕೊಂಡು ಕೂರುವುದು ನನ್ನ ಕೆಲಸ. ಹಾಕಿಕೊಂಡಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಆದರೆ ಮಾಸ್ತರರು ಇನ್ನು ಮೇಲೆ ಬರುವುದಿಲ್ಲವಲ್ಲ, ಈ ಕೊನೇ ಸಲವಾದರೂ ಬರೀ ಕಿವಿಯಲ್ಲಿ ಕೇಳೋಣ ಅಂತ ಆಸೆಯಾಯಿತು. ಹೆಡ್‌ಫೋನು ತೊಡೆಯ ಮೇಲೆ ಇಟ್ಟುಕೊಂಡೆ.

ಆರು ಹೊಡೆಯಿತು. ಹಾರ್ಮೋನಿಯಂ ಬಂತು. ಹೊನ್ನಮ್ಮ ತಮ್ಮ ತಾಯಿ ಬೀಸುವಾಗ ಹಾಡುತ್ತಿದ್ದ ಹಾಡು ಎತ್ತಿಕೊಂಡರು. ಮೂರು ನುಡಿಯ ಹಾಡು. ಒಂದೊಂದು ನುಡಿ ಮುಗಿದಾಗ ಅವರು ನಿಲ್ಲುವುದು, ಮಾಸ್ತರರು ಒಂದು ಸುತ್ತು ನುಡಿಸಿ ತಂದು ಮತ್ತೆ ಅವರ ಕೈಗೆ ಕೊಡುವುದು. ಮೂವತ್ತೆಂಟು ವರ್ಷದ ಜೊತೆ ಅಂದರೆ ಹೇಗಿರುತ್ತದೆ ಅಂತ ಅವತ್ತು ಕಂಡೆ. ಒಬ್ಬರು ಇದ್ದರು, ಒಬ್ಬರು ಇರಲಿಲ್ಲ, ಎಲ್ಲೂ ಒಂದೆಳೆ ಹಿಂದೆ ಮುಂದೆ ಆಗಲಿಲ್ಲ. ಕೊನೆಯ ಸುತ್ತು ಮುಗಿದು ತಿದಿ ಮಡಿಸಿದ ಸದ್ದು ಬಂತು. ಮಾಸ್ತರರು "ಹ್ಞೂಂ" ಅಂದರು. ಆಮೇಲೆ ಏಳುವ ಸದ್ದು, ಒಂದು ನರಳಿಕೆ. ಹೊನ್ನಮ್ಮ ಕಣ್ಣು ಮುಚ್ಚಿಕೊಂಡು ಕೂತೇ ಇದ್ದರು.

ನಾನು ರೆಕಾರ್ಡಿಂಗ್ ನಿಲ್ಲಿಸಿ ಕಣ್ಣೊರೆಸಿಕೊಂಡು ಹೇಳಿದೆ. "ಬಂತಮ್ಮ. ಚೆನ್ನಾಗಿ ಬಂತು."

ತಿರುಗಿ ಹಾಕಿದಾಗ ಹೊನ್ನಮ್ಮ ಒಬ್ಬರೇ ಹಾಡುತ್ತಿದ್ದರು. ಶುದ್ಧವಾಗಿ, ಸ್ಪಷ್ಟವಾಗಿ, ಎಲ್ಲಾ ಕಲ್ಲು ತೆಗೆದ ಅಕ್ಕಿಯ ಹಾಗೆ. ನುಡಿ ಮುಗಿದಲ್ಲಿ ಏನೂ ಇರಲಿಲ್ಲ. ಇಪ್ಪತ್ತು ಸೆಕೆಂಡು ಬರಿದು. ಮತ್ತೆ ಹಾಡು, ಮತ್ತೆ ಬರಿದು. ನಾನು ಆ ಫೈಲಿನ ಎಲ್ಲಾ ಮೂಲೆ ತಡಕಿದೆ. ಬಾಗಿಲಲ್ಲಿ "ನಮ್ಮೂರು" ಅಂತ ನಾನೇ ಇಟ್ಟ ಹೆಸರು ಕಾಣುತ್ತಿತ್ತು.

"ಅಳಿಸಿದ್ದು ಒಳಗೆಲ್ಲಾದ್ರೂ ಬಿದ್ದಿರತ್ತಾ?" ಹೊನ್ನಮ್ಮ ಕೇಳಿದರು. "ಕಸದ ಬುಟ್ಟಿ ಥರ?"

"ಇಲ್ಲಮ್ಮ. ಒಳಗೆ ಬಂದೇ ಇಲ್ಲ. ದೊಡ್ಡ ಕಂಪ್ಯೂಟರ್ ಆಗಿದ್ದಿದ್ರೆ..."

ಅವರು ಎದ್ದು ಗೋಡೆಯ ಕೌದಿಯೊಂದನ್ನು ಇಳಿಸಿ ಮಡಚತೊಡಗಿದರು. ಬೆನ್ನು ನನ್ನ ಕಡೆಗಿತ್ತು.

"ಹೊಸ ಕಂಪ್ಯೂಟರ್ ತಗೋತೀನಿ ಅಂದಿದ್ದೆ, ಪುಟ್ಟತಾಯಿ" ಅಂದರು. "ಬೇಡ ಅಂದೆ ನೀನು. ಯಾರ ದುಡ್ಡು ಉಳಿಸಿದೆ?"

ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. ನಾನು ಸಾಮಾನು ವಾಪಸ್ ತೆಗೆದುಕೊಂಡು ದುಡ್ಡು ಕೊಡುತ್ತೇನೆ ಅಂದೆ. ಬೇಡ ಅಂದರು. ಪರೀಕ್ಷೆ ಮಾಡಿದ ಆ ನಲವತ್ತು ಸೆಕೆಂಡನ್ನು ಮಾತ್ರ ಒಂದು ಪೆನ್‌ಡ್ರೈವಿಗೆ ಹಾಕಿಕೊಡು ಅಂದರು. ಹಾಕಿಕೊಟ್ಟು ಬಂದೆ.

ಅಂಗಡಿಗೆ ಬಂದು ಮಾಡಿದ ಮೊದಲ ಕೆಲಸ "ನಮ್ಮೂರು" ಅಳಿಸಿದ್ದು. ಈಗ ಪ್ರತಿ ಸಲ ಕೈಯಿಂದ ಹಾಕುತ್ತೇನೆ, ಗಿರಾಕಿಯನ್ನು ಕೇಳಿ ಹಾಕುತ್ತೇನೆ. ಹೆಚ್ಚು ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಕಂಪ್ಯೂಟರ್ ವಿಷಯ ಬಂದಾಗ ನಿಮ್ಮ ಕೈಲಾದಷ್ಟು ದೊಡ್ಡದು ತೆಗೆದುಕೊಳ್ಳಿ, ಉಳಿದದ್ದರಲ್ಲಿ ಕಡಿಮೆ ಮಾಡೋಣ ಅನ್ನುತ್ತೇನೆ. ಮೈಕ್ ಪುಟ್ಟತಾಯಿಗೂ ಆಸೆ ಬಂತು ಅಂತ ಕೆಲವರು ಆಡಿಕೊಂಡರು. ಆಡಿಕೊಳ್ಳಲಿ.

ಆ ವರ್ಷ ಹೊನ್ನಮ್ಮನವರ ಮನೆಯಲ್ಲಿ ಬೆಳಗಿನ ಹಾಡು ನಿಂತಿತು. ಹೋದವರ್ಷದ್ದು ಬರುತ್ತಿತ್ತು, ಆದರೆ ಅದರಲ್ಲಿ ಇದ್ದದ್ದು ಅವರದೇ ದನಿ. ಹಾಲಿನವನು ಮಾತ್ರ ರೂಢಿಬಿದ್ದು ಬೈಕು ತಳ್ಳಿಕೊಂಡೇ ಬರುತ್ತಿದ್ದ. ನಾಲ್ಕಾರು ತಿಂಗಳಾದ ಮೇಲೆ ಒಂದು ದಿನ ಅವನೇ ಬಂದು ಹೇಳಿದ.

"ಅಕ್ಕ, ಹೊನ್ನಮ್ಮನೋರ ಮನೇಲಿ ಯಾರೋ ಹಾರ್ಮೋನಿಯಂ ಕಲೀತಾವ್ರೆ."

"ಹೋದವರ್ಷದ್ದಿರಬೇಕು ಕಣೋ."

"ಎಲ್ಲಿ ಬಂತು? ಮಾಸ್ತರು ಇಷ್ಟು ಕೆಟ್ಟದಾಗಿ ಯಾವತ್ತೂ ನುಡಿಸ್ಲಿಲ್ಲ."

ಆ ಕೆಟ್ಟ ರೆಕಾರ್ಡಿಂಗಿಗೆ ವರ್ಷ ತುಂಬುವುದಕ್ಕೆ ಹಿಂದಿನ ದಿನ ಹೊನ್ನಮ್ಮನವರು ಅಂಗಡಿಗೆ ಬಂದರು. ಬೆರಳ ತುದಿಯಲ್ಲಿ ಒಣಗಿದ ಅಂಟಿನ ಕಲೆ ಇತ್ತು. "ನಾಳೆ ಬೆಳಿಗ್ಗೆ ಬಾ" ಅಂದರು. "ಆ ಮೈಕು ಇಡು. ಸೋಸೋದು ಬೇಡ."

ಹೋದೆ. ಆ ಕಂಬದ ಹತ್ತಿರ ಪೆಟ್ಟಿಗೆಯಿಂದ ಹಾರ್ಮೋನಿಯಂ ಹೊರಗೆ ಬಂದಿತ್ತು. ತಿದಿಯ ಎಡಮೂಲೆಯ ಮಡಿಕೆಗೆ ತೆಳು ಚರ್ಮದ ತೇಪೆ ಹಾಕಿತ್ತು. ನಾನು ನೋಡುತ್ತಿರುವುದನ್ನು ಕಂಡು ಅವರೇ ಹೇಳಿದರು. "ಎಲ್ಲಿ ಸೋರತ್ತೆ ಅಂತ ಅವರು ಹೇಳಿದ್ರಲ್ಲ. ಹತ್ತು ಸಲ ಕೇಳಿಸ್ಕೊಂಡು ಹುಡುಕಿದೆ. ಹೇಳದೇ ಇದ್ದಿದ್ರೆ ಸಿಗ್ತಿರಲಿಲ್ಲ."

ಆ ಸಲ ಲ್ಯಾಪ್‌ಟಾಪಿನ ಬಾಗಿಲನ್ನು ಮೂರು ಸಲ ನೋಡಿದೆ. ಹೆಡ್‌ಫೋನು ಹಾಕಿಕೊಂಡೆ, ತೆಗೆಯಲಿಲ್ಲ.

ಆರು ಗಂಟೆಗೆ ಗೋಡೆಯೊಳಗಿಂದ ಹೋದವರ್ಷದ ಹೊನ್ನಮ್ಮ ಹಾಡು ಎತ್ತಿಕೊಂಡರು. ಆ ಹಾಡಿನ ಜೊತೆ ಹಾರ್ಮೋನಿಯಂ ಇರಲಿಲ್ಲ. ಮಾಸ್ತರರದು ಹೋದ ವರ್ಷವೇ ಬಂದು ಹೋಗಿಯಾಗಿತ್ತು. ಮೊದಲ ನುಡಿ ಮುಗಿದು ಆ ಬರಿದಾದ ಜಾಗ ಬಂತು. ಈ ವರ್ಷದ ಹೊನ್ನಮ್ಮ ಎಡಗೈಯಲ್ಲಿ ತಿದಿ ಒತ್ತಿ ಬಲಗೈ ಸ್ವರದ ಮನೆಗಳ ಮೇಲೆ ಇಟ್ಟರು. ನಿಧಾನವಾಗಿ, ಒಂದೆರಡು ಕಡೆ ತಡವರಿಸಿ, ಒಂದು ಸುತ್ತು ತಂದು ತಮ್ಮದೇ ಹಳೇ ದನಿಯ ಕೈಗೆ ಕೊಟ್ಟರು. ಎರಡನೆಯ ಜಾಗದಲ್ಲಿ ಒಂದು ಸ್ವರ ತಪ್ಪಿತು. ಮೂರನೆಯದರಲ್ಲಿ ತಪ್ಪಲಿಲ್ಲ. ಹೋದ ವರ್ಷ ಗಂಡನಿಗಾಗಿ ಬಿಟ್ಟ ಜಾಗ ಎಷ್ಟಿತ್ತೋ ಅಷ್ಟರಲ್ಲೇ ಮುಗಿಸಿದರು.

ಅದು ಮುಗಿದ ಸ್ವಲ್ಪ ಹೊತ್ತಿಗೆ ಗೋಡೆಯಿಂದ ನನ್ನ ದನಿ ಬಂತು. "ಬಂತಮ್ಮ. ಚೆನ್ನಾಗಿ ಬಂತು."

ಹೆಡ್‌ಫೋನಿನೊಳಗೆ ಅದು ಇನ್ನೂ ಸ್ಪಷ್ಟವಾಗಿ ಕೇಳಿಸಿತು. ಎಷ್ಟು ಸಂತೋಷದ ದನಿ ಅದು. ಈ ಮಾತಿನ ಹಿಂದೆ ಏನು ಬರುತ್ತದೆ ಅಂತ ನನಗೆ ನೆನಪಿತ್ತು. ನಾನು ರೆಕಾರ್ಡಿಂಗ್ ನಿಲ್ಲಿಸಿ ತಲೆ ತಗ್ಗಿಸಿ ಕೂತೆ. ಕೇಳಬೇಕಾದದ್ದೇ, ಕೇಳೋಣ ಅಂದುಕೊಂಡೆ. ಹೊನ್ನಮ್ಮ ಎದ್ದು ಅಡುಗೆಮನೆಗೆ ಹೋದರು. ಗೋಡೆಯಲ್ಲಿ "ಕಸದ ಬುಟ್ಟಿ ಥರ?" ಅನ್ನುವುದು ಬಂತು, ನನ್ನ ಉತ್ತರ ಬಂತು, ಕೌದಿ ಇಳಿಸಿದ ಸದ್ದು ಬಂತು. "ಹೊಸ ಕಂ..." ಅನ್ನುವಷ್ಟರಲ್ಲಿ ಅಡುಗೆಮನೆಯಲ್ಲಿ ತಟ್ಟೆ ಬಿತ್ತು. ಒಂದಲ್ಲ. ಸ್ಟ್ಯಾಂಡಿನಲ್ಲಿದ್ದ ಅಷ್ಟೂ ತಟ್ಟೆಗಳು ಒಂದರ ಹಿಂದೆ ಒಂದು ಬಿದ್ದವು. ಕೊನೆಯದು ನೆಲದ ಮೇಲೆ ಗಿರಗಿರನೆ ಸುತ್ತಿ ನಿಲ್ಲುವ ಹೊತ್ತಿಗೆ ಗೋಡೆ ಸುಮ್ಮನಾಗಿತ್ತು.

ನಾನು ಛಾವಣಿ ನೋಡಿದೆ.

"ಕಾಫಿಗೆ ಸಕ್ಕರೆ ಹಾಕ್ಲಾ, ಬೆಲ್ಲ ಹಾಕ್ಲಾ?" ಒಳಗಿಂದ ಕೇಳಿದರು.

"ಬೆಲ್ಲ ಹಾಕಿ ಅಮ್ಮ. ಹಾಡಿನ ಕೊನೇಲಿ ನನ್ನ ಮಾತು ಸೇರಿಕೊಂಡಿದೆ. ಕತ್ತರಿಸಿಬಿಡ್ಲಾ?"

"ಇರ್ಲಿ ಬಿಡು. ಈ ಸಲ ಚೆನ್ನಾಗಿ ಬಂದಿದೆಯಲ್ಲ."

ರಾಚಪ್ಪ ಮಾಸ್ತರರು ಕೊನೆಯ ದಿನ ನುಡಿಸಿದ ಹಾರ್ಮೋನಿಯಂ ಹೋಯಿತು. ಅದು ನನ್ನ ಕೈಯಿಂದ ಹೋಯಿತು, ಮತ್ತೆ ಬರುವುದಿಲ್ಲ. ಉಳಿದದ್ದು ಅವರ ಎರಡು ಕೆಮ್ಮು, ಗಾಳಿ ಎಲ್ಲಿ ಸೋರುತ್ತದೆ ಅನ್ನುವ ಮಾತು, ಎಲ್ಲ ಸೇರಿ ನಲವತ್ತು ಸೆಕೆಂಡು. ಸಿಕ್ಕಿದ್ದು ನಾಲ್ಕು ನಿಮಿಷದ ಒಂದು ಹಾಡು. ಅದರಲ್ಲಿ ಒಂದು ಸ್ವರ ತಪ್ಪಿದೆ.